ಜಾನುವಾರು ಲಸಿಕೆಗಳಲ್ಲಿ ಅಡ್ಜುವೆಂಟ್‌ನ ಪಾತ್ರ: ದುಗ್ಧರಸ ಗ್ರಂಥಿಯಲ್ಲಿ ರೋಗನಿರೋಧಕ ಶಕ್ತಿ ರೂಪುಗೊಳ್ಳುವ ಬಗೆ

ಪೀಠಿಕೆ

ಕಾಲುಬಾಯಿ ರೋಗ, ಗಳಲೆ ರೋಗ, ಚಪ್ಪೆ ರೋಗ ಮುಂತಾದ ಸಾಂಕ್ರಾಮಿಕ ರೋಗಗಳಿಂದ ಜಾನುವಾರುಗಳನ್ನು ರಕ್ಷಿಸಲು ಲಸಿಕೆಯೇ ಪ್ರಮುಖ ಸಾಧನ. ಆದರೂ ಲಸಿಕಾ ಅಭಿಯಾನದ ಸಮಯದಲ್ಲಿ ಕೆಲವು ಆಕ್ಷೇಪಗಳು ಪದೇಪದೇ ಕೇಳಿಬರುತ್ತವೆ. ಚುಚ್ಚುಮದ್ದು ನೀಡಿದ ಜಾಗದಲ್ಲಿ ಗಂಟು ಬರುತ್ತದೆ, ಎರಡು ದಿನ ಹಾಲು ಕಡಿಮೆಯಾಗುತ್ತದೆ, ಆರು ತಿಂಗಳ ಹಿಂದೆ ಹಾಕಿಸಿದ್ದನ್ನೇ ಮತ್ತೆ ಏಕೆ ಹಾಕಿಸಬೇಕು ಎಂಬುವು ಅವುಗಳಲ್ಲಿ ಮುಖ್ಯವಾದವು. ಇದೇ ಕಾರಣಕ್ಕೆ ಲಸಿಕೆ ನಿರಾಕರಿಸಿದ ಕೊಟ್ಟಿಗೆಗೆ ರೋಗ ಹೊಕ್ಕಾಗ ಆಗುವ ನಷ್ಟಕ್ಕೆ ಹೋಲಿಸಿದರೆ ಎರಡು ದಿನದ ಹಾಲು ತೀರ ಅಲ್ಪ.

ಈ ಮೂರೂ ಪ್ರಶ್ನೆಗಳಿಗೆ ಉತ್ತರ ಲಸಿಕೆಯಲ್ಲಿರುವ ಅಡ್ಜುವೆಂಟ್ ಎಂಬ ಸಹಾಯಕ ದ್ರವ್ಯದಲ್ಲಿ ಮತ್ತು ಅದು ದುಗ್ಧರಸ ಗ್ರಂಥಿಗಳಲ್ಲಿ ಉಂಟುಮಾಡುವ ಪ್ರತಿಕ್ರಿಯೆಯಲ್ಲಿ ಅಡಗಿದೆ. ಲಸಿಕೆಯನ್ನು ಶೀತಲ ಸರಪಳಿಯಲ್ಲಿ ಏಕೆ ಇಡಬೇಕು, ಹೆಪ್ಪುಗಟ್ಟಿದ ಲಸಿಕೆ ಏಕೆ ನಿಷ್ಪ್ರಯೋಜಕ, ಪೂರ್ಣ ಪ್ರಮಾಣ ಏಕೆ ಅವಶ್ಯ ಎಂಬುದೂ ಇದರಿಂದಲೇ ಸ್ಪಷ್ಟವಾಗುತ್ತದೆ. ರೈತ ಬಾಂಧವರಿಗೂ ವಿಸ್ತರಣಾ ಕಾರ್ಯಕರ್ತರಿಗೂ ಉಪಯುಕ್ತವಾಗುವಂತೆ ಈ ವಿಷಯವನ್ನು ಇಲ್ಲಿ ವಿವರಿಸಲಾಗಿದೆ.

ಅಡ್ಜುವೆಂಟ್ ಎಂದರೇನು?

ಲಸಿಕೆಗಳಲ್ಲಿ ಮುಖ್ಯವಾಗಿ ಎರಡು ಬಗೆ. ಮೊದಲನೆಯದು ಜೀವಂತ, ಆದರೆ ರೋಗಶಕ್ತಿ ಕುಗ್ಗಿಸಿದ ಸೂಕ್ಷ್ಮಾಣುಗಳಿರುವ ಲಸಿಕೆ. ಕುರಿ-ಮೇಕೆಗಳ ಪಿಪಿಆರ್ ಲಸಿಕೆ, ಹೆಣ್ಣುಕರುಗಳಿಗೆ ಕಂದು ರೋಗದ ವಿರುದ್ಧ ನೀಡುವ ಎಸ್-19 ಲಸಿಕೆ ಈ ಗುಂಪಿಗೆ ಸೇರಿವೆ. ಇವು ದೇಹದಲ್ಲಿ ಮಿತವಾಗಿ ವೃದ್ಧಿಯಾಗಿ ರೋಗನಿರೋಧಕ ವ್ಯವಸ್ಥೆಯನ್ನು ತಾವೇ ಎಚ್ಚರಿಸುವುದರಿಂದ ಇವುಗಳಿಗೆ ಸಹಾಯಕ ದ್ರವ್ಯದ ಅಗತ್ಯ ಸಾಮಾನ್ಯವಾಗಿ ಇರುವುದಿಲ್ಲ.

ಎರಡನೆಯದು ನಿಷ್ಕ್ರಿಯಗೊಳಿಸಿದ, ಅಂದರೆ ಕೊಂದ ಸೂಕ್ಷ್ಮಾಣು ಅಥವಾ ಅದರ ಅಂಶವನ್ನು ಹೊಂದಿರುವ ಲಸಿಕೆ. ಕಾಲುಬಾಯಿ ರೋಗ, ಗಳಲೆ ರೋಗ ಮತ್ತು ಚಪ್ಪೆ ರೋಗಗಳಿಗೆ ನಮ್ಮಲ್ಲಿ ಬಳಸುವ ಲಸಿಕೆಗಳು ಈ ಬಗೆಯವು. ಇವುಗಳಿಂದ ರೋಗ ಬರುವ ಭಯವಿಲ್ಲ. ಆದರೆ ಸತ್ತ ಸೂಕ್ಷ್ಮಾಣುವನ್ನು ಬರಿದೇ ಚುಚ್ಚಿದರೆ ದೇಹವು ಅದನ್ನು ಅಪಾಯವೆಂದು ಗಂಭೀರವಾಗಿ ಪರಿಗಣಿಸುವುದಿಲ್ಲ. ಅಲ್ಪ ಪ್ರಮಾಣದ ಪ್ರತಿಕಾಯಗಳು ಉತ್ಪತ್ತಿಯಾಗಿ ಬೇಗನೆ ಇಳಿದುಹೋಗುತ್ತವೆ. ಈ ಕೊರತೆಯನ್ನು ನೀಗಿಸಲು ಲಸಿಕೆಗೆ ಸೇರಿಸುವ ವಸ್ತುವೇ ಅಡ್ಜುವೆಂಟ್. ಸಹಾಯ ಮಾಡು ಎಂಬರ್ಥದ ಲ್ಯಾಟಿನ್ ಪದದಿಂದ ಈ ಹೆಸರು ಬಂದಿದೆ.

ಕುದುರೆ ಲಾಯದಲ್ಲಿ ಆರಂಭವಾದ ಶೋಧ

ಅಡ್ಜುವೆಂಟ್‌ಗಳ ಇತಿಹಾಸವು ಪಶುವೈದ್ಯಕೀಯದೊಂದಿಗೆ ನೇರವಾಗಿ ಬೆಸೆದುಕೊಂಡಿದೆ. ಪ್ಯಾರಿಸ್‌ನ ಪಾಶ್ಚರ್ ಸಂಸ್ಥೆಯ ಪಶುವೈದ್ಯ ಗ್ಯಾಸ್ಟನ್ ರಾಮೊನ್ ಅವರು 1920ರ ದಶಕದಲ್ಲಿ ಡಿಫ್ತೀರಿಯಾ ರೋಗದ ಪ್ರತಿವಿಷವನ್ನು ಕುದುರೆಗಳಿಂದ ಪಡೆಯುತ್ತಿದ್ದರು. ಚುಚ್ಚಿದ ಜಾಗದಲ್ಲಿ ಬಾವು ಬಂದ ಕುದುರೆಗಳ ರಕ್ತದಲ್ಲಿ ಪ್ರತಿವಿಷದ ಪ್ರಮಾಣ ಹೆಚ್ಚಿರುವುದನ್ನು ಅವರು ಗಮನಿಸಿದರು. ಬಳಿಕ ಮರಗೆಣಸಿನ ಪಿಷ್ಟ, ಬ್ರೆಡ್ಡಿನ ಪುಡಿಯಂತಹ ವಸ್ತುಗಳನ್ನು ಉದ್ದೇಶಪೂರ್ವಕವಾಗಿ ಸೇರಿಸಿ ಅದೇ ಫಲಿತಾಂಶ ಪಡೆದರು. 1926ರಲ್ಲಿ ಇಂಗ್ಲೆಂಡಿನ ಅಲೆಕ್ಸಾಂಡರ್ ಗ್ಲೆನಿ ಮತ್ತು ಸಂಗಡಿಗರು ಪಟಿಕ, ಅಂದರೆ ಆಲಂ ಸೇರಿಸಿದ ಲಸಿಕೆಯು ಗಿನಿಯಿಲಿಗಳಲ್ಲಿ ಹೆಚ್ಚು ಪರಿಣಾಮಕಾರಿ ಎಂದು ತೋರಿಸಿದರು. 1930ರ ದಶಕದಲ್ಲಿ ಜೂಲ್ಸ್ ಫ್ರಾಯ್ಂಡ್ ಅವರು ಖನಿಜ ತೈಲದೊಂದಿಗೆ ಕಡೆದ ಎಮಲ್ಷನ್ನನ್ನು ರೂಪಿಸಿದರು. ಇಂದು ಜಾನುವಾರುಗಳಿಗೆ ಬಳಸುವ ಎಣ್ಣೆಯುಕ್ತ ಲಸಿಕೆಗಳ ಮೂಲ ತತ್ತ್ವ ಇದೇ ಆಗಿದೆ.

ದುಗ್ಧರಸ ಗ್ರಂಥಿಯಲ್ಲಿ ನಡೆಯುವುದೇನು?

ದೇಹದ ಅಂಗಾಂಶಗಳಲ್ಲಿ ಸಂಗ್ರಹವಾಗುವ ತಿಳಿದ್ರವವು ದುಗ್ಧರಸ ನಾಳಗಳ ಮೂಲಕ ಹರಿದು ಮರಳಿ ರಕ್ತವನ್ನು ಸೇರುತ್ತದೆ. ಈ ಹಾದಿಯಲ್ಲಿ ಅಲ್ಲಲ್ಲಿ ಇರುವ ಸೋಸುವ ಕೇಂದ್ರಗಳೇ ದುಗ್ಧರಸ ಗ್ರಂಥಿಗಳು. ದನಗಳಲ್ಲಿ ಹೆಗಲಿನ ಮುಂಭಾಗ, ಪಕ್ಕೆಯ ಕೆಳಗೆ ತೊಡೆಯ ಮುಂದಿನ ಮಡಿಕೆ ಮತ್ತು ಕೆಚ್ಚಲಿನ ಮೇಲ್ಭಾಗದಲ್ಲಿ ಪ್ರಮುಖ ಗ್ರಂಥಿಗಳಿವೆ. ಹೆಗಲಿನ ಮುಂದಿನ ಗ್ರಂಥಿಯನ್ನು ಕೈಯಿಂದ ಒತ್ತಿ ಗುರುತಿಸಬಹುದು. ಥೈಲೇರಿಯಾ ಜ್ವರದಲ್ಲಿ ಇದು ಊದಿಕೊಳ್ಳುವುದನ್ನು ಅನೇಕ ರೈತರು ಕಂಡಿರುತ್ತಾರೆ. ಕುತ್ತಿಗೆಗೆ ನೀಡಿದ ಲಸಿಕೆಯ ಅಂಶಗಳು ಮುಖ್ಯವಾಗಿ ಈ ಗ್ರಂಥಿಯನ್ನೇ ತಲುಪುತ್ತವೆ.

ಲಸಿಕೆ ನೀಡಿದ ನಂತರ ನಡೆಯುವ ಘಟನೆಗಳ ಕ್ರಮ ಹೀಗಿದೆ:

1. ಅಡ್ಜುವೆಂಟ್‌ನಿಂದಾಗಿ ಚುಚ್ಚಿದ ಜಾಗದಲ್ಲಿ ಮಿತವಾದ ಉರಿಯೂತ ಉಂಟಾಗುತ್ತದೆ. ರಕ್ತದಿಂದ ಬಿಳಿ ರಕ್ತಕಣಗಳು ಅಲ್ಲಿಗೆ ಧಾವಿಸುತ್ತವೆ.

2. ಡೆಂಡ್ರಿಟಿಕ್ ಕೋಶ ಎಂಬ ಕಾವಲು ಕೋಶಗಳು ಲಸಿಕೆಯಲ್ಲಿರುವ ರೋಗಾಣುವಿನ ಅಂಶವನ್ನು, ಅಂದರೆ ಪ್ರತಿಜನಕವನ್ನು ನುಂಗಿ, ಒಂದೆರಡು ದಿನಗಳಲ್ಲಿ ಸಮೀಪದ ದುಗ್ಧರಸ ಗ್ರಂಥಿಗೆ ಹೊತ್ತೊಯ್ಯುತ್ತವೆ. ಅತಿ ಸೂಕ್ಷ್ಮ ಕಣಗಳು ದುಗ್ಧರಸದೊಂದಿಗೆ ತಾವಾಗಿಯೇ ಹರಿದು ಹೋಗುತ್ತವೆ.

3. ಗ್ರಂಥಿಯಲ್ಲಿ ಟಿ-ಕೋಶ ಮತ್ತು ಬಿ-ಕೋಶಗಳು ನೆರೆದಿರುತ್ತವೆ. ಊರೂರಿನ ಮಾಲು ಒಂದೆಡೆ ಸೇರುವ ಸಂತೆಯಂತೆ, ಪ್ರತಿಜನಕಕ್ಕೆ ಸರಿಹೊಂದುವ ಕೋಶವು ಅದನ್ನು ಸಂಧಿಸುವುದು ಇಲ್ಲಿಯೇ. ಪ್ರತಿಜನಕದೊಂದಿಗೆ ಅಪಾಯದ ಸಂಕೇತವೂ ಬಂದಿದ್ದರೆ ಮಾತ್ರ ಟಿ-ಕೋಶವು ಪೂರ್ಣವಾಗಿ ಸಕ್ರಿಯವಾಗುತ್ತದೆ. ಆ ಸಂಕೇತವನ್ನು ಒದಗಿಸುವುದು ಅಡ್ಜುವೆಂಟ್‌ನ ಮುಖ್ಯ ಕಾರ್ಯ.

4. ಸುಮಾರು ಒಂದು ವಾರದಲ್ಲಿ ಗ್ರಂಥಿಯೊಳಗೆ ಅಂಕುರಣ ಕೇಂದ್ರಗಳು ರೂಪುಗೊಳ್ಳುತ್ತವೆ. ಇಲ್ಲಿ ಬಿ-ಕೋಶಗಳು ವೇಗವಾಗಿ ವಿಭಜನೆಗೊಳ್ಳುತ್ತಾ ತಮ್ಮ ಪ್ರತಿಕಾಯದ ರಚನೆಯಲ್ಲಿ ಸಣ್ಣ ಬದಲಾವಣೆ ಮಾಡಿಕೊಳ್ಳುತ್ತವೆ. ರೋಗಾಣುವನ್ನು ಬಿಗಿಯಾಗಿ ಹಿಡಿಯುವ ಕೋಶಗಳು ಉಳಿಯುತ್ತವೆ, ಉಳಿದವು ನಶಿಸುತ್ತವೆ. ಉತ್ತಮ ತೆನೆಯನ್ನೇ ಆರಿಸಿ ಮುಂದಿನ ಬಿತ್ತನೆಗೆ ಇಡುವ ಕ್ರಮವನ್ನು ಇದು ಹೋಲುತ್ತದೆ.

5. ಹೀಗೆ ಆಯ್ಕೆಯಾದ ಕೋಶಗಳಲ್ಲಿ ಕೆಲವು ಪ್ರತಿಕಾಯಗಳನ್ನು ಸ್ರವಿಸುವ ಪ್ಲಾಸ್ಮಾ ಕೋಶಗಳಾಗುತ್ತವೆ, ಕೆಲವು ನೆನಪಿನ ಕೋಶಗಳಾಗಿ ಉಳಿಯುತ್ತವೆ. ಮುಂದಿನ ಬಾರಿ ಅದೇ ಲಸಿಕೆ ಅಥವಾ ರೋಗಾಣು ಎದುರಾದಾಗ ನೆನಪಿನ ಕೋಶಗಳು ಬಹುಬೇಗ ಸಿಡಿದೇಳುತ್ತವೆ.

ಈ ಕ್ರಮದಿಂದ ಎರಡು ಸಂಗತಿಗಳು ಸ್ಪಷ್ಟವಾಗುತ್ತವೆ. ಲಸಿಕೆ ಹಾಕಿಸಿದ ಮರುದಿನವೇ ರಕ್ಷಣೆ ದೊರೆಯುವುದಿಲ್ಲ, ಅದಕ್ಕೆ ಸಾಮಾನ್ಯವಾಗಿ ಎರಡರಿಂದ ಮೂರು ವಾರ ಬೇಕು. ಆದುದರಿಂದ ರೋಗ ಪಕ್ಕದ ಊರಿಗೆ ಬಂದ ಮೇಲೆ ಹಾಕಿಸುವುದಕ್ಕಿಂತ ಮುಂಚಿತವಾಗಿ ಹಾಕಿಸುವುದು ಲೇಸು. ಎರಡನೆಯದಾಗಿ, ಮೊದಲ ಬಾರಿ ಲಸಿಕೆ ಪಡೆಯುವ ಕರುವಿಗೆ ವರ್ಧಕ ಪ್ರಮಾಣ ನೀಡದಿದ್ದರೆ ನೆನಪಿನ ಕೋಶಗಳು ರೂಪುಗೊಂಡಿದ್ದರೂ ಅವುಗಳ ಪೂರ್ಣ ಪ್ರಯೋಜನ ದೊರೆಯುವುದಿಲ್ಲ.

ಬಳಕೆಯಲ್ಲಿರುವ ಪ್ರಮುಖ ಅಡ್ಜುವೆಂಟ್‌ಗಳು

ಅಲ್ಯೂಮಿನಿಯಂ ಲವಣಗಳು: ಪಟಿಕ ಮತ್ತು ಅಲ್ಯೂಮಿನಿಯಂ ಹೈಡ್ರಾಕ್ಸೈಡ್ ಜೆಲ್ ಈ ಗುಂಪಿನವು. ಪ್ರತಿಜನಕವು ಜೆಲ್‌ನ ಕಣಗಳಿಗೆ ಅಂಟಿಕೊಂಡಿರುತ್ತದೆ. ಇವು ಅಗ್ಗ ಮತ್ತು ಸುರಕ್ಷಿತ. ಜಾಗದಲ್ಲಿ ಉಂಟಾಗುವ ತೊಂದರೆ ಕಡಿಮೆ, ಆದರೆ ರಕ್ಷಣೆಯ ಅವಧಿಯೂ ಕಡಿಮೆ.

ಎಣ್ಣೆ ಎಮಲ್ಷನ್‌ಗಳು: ಪ್ರತಿಜನಕವಿರುವ ನೀರಿನ ಸೂಕ್ಷ್ಮ ಹನಿಗಳನ್ನು ಎಣ್ಣೆಯಲ್ಲಿ ಹರಡಿದಾಗ ಅದು ಎಣ್ಣೆಯೊಳಗೆ ನೀರಿನ ಎಮಲ್ಷನ್. ಇದರ ಪರಿಣಾಮ ಪ್ರಬಲ ಮತ್ತು ದೀರ್ಘ, ಆದರೆ ದ್ರವ ಮಂದವಾಗಿದ್ದು ಚುಚ್ಚುವುದು ಕಷ್ಟ. ಇದನ್ನು ಮತ್ತೊಮ್ಮೆ ನೀರಿನಲ್ಲಿ ಹರಡಿದರೆ ಇಮ್ಮಡಿ ಎಮಲ್ಷನ್ ಆಗುತ್ತದೆ. ಹೊರಗಿನ ನೀರಿನಲ್ಲಿರುವ ಪ್ರತಿಜನಕ ಬೇಗ ಬಿಡುಗಡೆಯಾಗುತ್ತದೆ, ಒಳಗಿನದು ನಿಧಾನವಾಗಿ ಹೊರಬರುತ್ತದೆ. ದ್ರವವೂ ತೆಳುವಾಗಿದ್ದು ಚುಚ್ಚಲು ಸುಲಭ. ಕಾಲುಬಾಯಿ ಲಸಿಕೆಗಳಲ್ಲಿ ಈ ಬಗೆಯ ಎಮಲ್ಷನ್ ವ್ಯಾಪಕವಾಗಿ ಬಳಕೆಯಲ್ಲಿದೆ.

ಸ್ಯಾಪೋನಿನ್: ದಕ್ಷಿಣ ಅಮೆರಿಕದ ಚಿಲಿ ದೇಶದ ಕ್ವಿಲ್ಲಾಯಾ ಮರದ ತೊಗಟೆಯಿಂದ ದೊರೆಯುವ, ಅಂಟುವಾಳಕಾಯಿಯಂತೆ ನೊರೆ ಬರುವ ವಸ್ತು. ಜೆಲ್ ಲಸಿಕೆಗಳ ಶಕ್ತಿ ಹೆಚ್ಚಿಸಲು ಇದನ್ನು ಕಾಲುಬಾಯಿ ಲಸಿಕೆಯಲ್ಲಿ ಬಹುಕಾಲದಿಂದ ಬಳಸಲಾಗಿದೆ. ಇದರ ಶುದ್ಧೀಕರಿಸಿದ ಅಂಶವು ಇಂದು ಮನುಷ್ಯರ ಕೆಲವು ಲಸಿಕೆಗಳಲ್ಲಿಯೂ ಇದೆ.

ಗಳಲೆ ರೋಗದ ಲಸಿಕೆ: ಒಂದೇ ರೋಗಾಣು, ಮೂರು ಬಗೆಯ ಫಲ

ಅಡ್ಜುವೆಂಟ್‌ನ ಮಹತ್ವ ತಿಳಿಯಲು ಗಳಲೆ ರೋಗದ ಲಸಿಕೆಗಿಂತ ಉತ್ತಮ ಉದಾಹರಣೆ ಇಲ್ಲ. ಮಳೆಗಾಲದ ಆರಂಭದಲ್ಲಿ ದನ ಮತ್ತು ಎಮ್ಮೆಗಳನ್ನು ಬಾಧಿಸುವ ಈ ರೋಗಕ್ಕೆ ಪಾಶ್ಚುರೆಲ್ಲಾ ಮಲ್ಟೋಸಿಡಾ ಎಂಬ ಬ್ಯಾಕ್ಟೀರಿಯಾ ಕಾರಣ. ಇದೇ ಬ್ಯಾಕ್ಟೀರಿಯಾವನ್ನು ಕೊಂದು ಸಿದ್ಧಪಡಿಸಿದ ಲಸಿಕೆಗಳ ರಕ್ಷಣಾ ಅವಧಿ ಹೀಗಿದೆ:

- ಅಡ್ಜುವೆಂಟ್ ಇಲ್ಲದ ಸಾದಾ ಲಸಿಕೆ: ಸುಮಾರು 6 ವಾರ
- ಪಟಿಕ ಬೆರೆಸಿದ ಲಸಿಕೆ: ಸುಮಾರು 4ರಿಂದ 6 ತಿಂಗಳು
- ಎಣ್ಣೆಯುಕ್ತ ಲಸಿಕೆ: ಸುಮಾರು 9ರಿಂದ 12 ತಿಂಗಳು

ರೋಗಾಣು ಒಂದೇ ಆದರೂ ರಕ್ಷಣೆ ಆರು ವಾರದಿಂದ ಒಂದು ವರ್ಷಕ್ಕೆ ಏರುವುದು ಅಡ್ಜುವೆಂಟ್‌ನಿಂದ. ಹೀಗಿದ್ದರೂ ಹಳೆಯ ಎಣ್ಣೆಯುಕ್ತ ಲಸಿಕೆಯು ತೀರ ಮಂದವಾಗಿದ್ದು ಚುಚ್ಚಲು ಕಷ್ಟವಾದುದರಿಂದ ಕ್ಷೇತ್ರದಲ್ಲಿ ಅದರ ಬಳಕೆ ಹಿಂದೆ ಬಿದ್ದಿತ್ತು. ಪ್ರಯೋಗಾಲಯದಲ್ಲಿ ಶ್ರೇಷ್ಠವೆನಿಸಿದ್ದು ಕೊಟ್ಟಿಗೆಯಲ್ಲಿಯೂ ಸುಲಭವಾಗಿರಬೇಕು ಎಂಬ ಪಾಠವನ್ನು ಇದು ಕಲಿಸುತ್ತದೆ. ತೆಳುವಾದ ಎಮಲ್ಷನ್‌ಗಳ ಅಭಿವೃದ್ಧಿಗೆ ಇಂತಹ ಅನುಭವಗಳೇ ಪ್ರೇರಣೆ.

ಕಾಲುಬಾಯಿ ಲಸಿಕೆ ಆರು ತಿಂಗಳಿಗೊಮ್ಮೆ ಏಕೆ?

ನಮ್ಮ ದೇಶದಲ್ಲಿ ಬಳಸುವ ಕಾಲುಬಾಯಿ ಲಸಿಕೆಯಲ್ಲಿ ಒ, ಎ ಮತ್ತು ಏಷ್ಯಾ-1 ಎಂಬ ಮೂರು ಬಗೆಯ ವೈರಸ್‌ಗಳನ್ನು ನಿಷ್ಕ್ರಿಯಗೊಳಿಸಿ ಸೇರಿಸಲಾಗಿರುತ್ತದೆ. ಸತ್ತ ವೈರಸ್‌ನಿಂದ ಉಂಟಾದ ಪ್ರತಿಕಾಯಗಳು ಎಣ್ಣೆಯ ಅಡ್ಜುವೆಂಟ್ ಇದ್ದರೂ ಕೆಲವು ತಿಂಗಳುಗಳಲ್ಲಿ ಕ್ರಮೇಣ ಇಳಿಯುತ್ತವೆ. ಮೂರು ಬಗೆಗಳಲ್ಲಿ ಒಂದರ ವಿರುದ್ಧ ಬೆಳೆದ ಶಕ್ತಿ ಇನ್ನೊಂದರಿಂದ ರಕ್ಷಿಸುವುದಿಲ್ಲ. ಆದುದರಿಂದಲೇ 2019ರ ಸೆಪ್ಟೆಂಬರ್‌ನಲ್ಲಿ ಆರಂಭವಾದ ರಾಷ್ಟ್ರೀಯ ಜಾನುವಾರು ರೋಗ ನಿಯಂತ್ರಣ ಕಾರ್ಯಕ್ರಮದಲ್ಲಿ ದನ ಮತ್ತು ಎಮ್ಮೆಗಳಿಗೆ ಆರು ತಿಂಗಳಿಗೊಮ್ಮೆ ಲಸಿಕೆ ನಿಗದಿಪಡಿಸಲಾಗಿದೆ. ಪ್ರತಿ ಸುತ್ತಿನಲ್ಲಿಯೂ ನೆನಪಿನ ಕೋಶಗಳು ಮತ್ತೆ ಗ್ರಂಥಿಯಲ್ಲಿ ಕ್ರಿಯಾಶೀಲವಾಗಿ ಪ್ರತಿಕಾಯದ ಮಟ್ಟವನ್ನು ಏರಿಸುತ್ತವೆ. ಒಂದು ಸುತ್ತು ತಪ್ಪಿದರೆ ಮಟ್ಟ ಕುಸಿದು ಇಡೀ ಹಿಂಡು ಅಪಾಯಕ್ಕೆ ಸಿಲುಕುತ್ತದೆ.

ಕರುಗಳಿಗೆ ನಾಲ್ಕು ತಿಂಗಳ ವಯಸ್ಸಿನಲ್ಲಿ ಮೊದಲ ಪ್ರಮಾಣ, ಒಂದು ತಿಂಗಳ ನಂತರ ವರ್ಧಕ ಪ್ರಮಾಣ, ಬಳಿಕ ಆರು ತಿಂಗಳಿಗೊಮ್ಮೆ ಲಸಿಕೆ ನೀಡಬೇಕು. ಗಿಣ್ಣು ಹಾಲಿನ ಮೂಲಕ ತಾಯಿಯಿಂದ ಬಂದ ಪ್ರತಿಕಾಯಗಳು ಎಳೆಗರುವಿನಲ್ಲಿ ಲಸಿಕೆಯ ಪ್ರತಿಜನಕವನ್ನು ಮುಚ್ಚಿಬಿಡುವುದರಿಂದ ಅದಕ್ಕಿಂತ ಮೊದಲು ನೀಡಿದ ಲಸಿಕೆ ಸರಿಯಾಗಿ ಫಲಿಸದು.

ಗ್ರಂಥಿಯನ್ನೇ ಗುರಿಯಾಗಿಸಿದ ಹೊಸ ವಿನ್ಯಾಸಗಳು

ಚುಚ್ಚಿದ ಜಾಗದಲ್ಲಿ ಲಸಿಕೆ ದಾಸ್ತಾನಾಗಿ ನಿಧಾನವಾಗಿ ಬಿಡುಗಡೆಯಾಗುವುದೇ ಅಡ್ಜುವೆಂಟ್‌ನ ಗುಟ್ಟು ಎಂದು ದಶಕಗಳ ಕಾಲ ಭಾವಿಸಲಾಗಿತ್ತು. ಆದರೆ ಆಲಂ ಲಸಿಕೆ ನೀಡಿದ ಜಾಗವನ್ನು ಇಲಿಗಳಲ್ಲಿ ಕೆಲವೇ ಗಂಟೆಗಳಲ್ಲಿ ತೆಗೆದುಹಾಕಿದರೂ ಪ್ರತಿಕಾಯಗಳ ಉತ್ಪತ್ತಿ ಕುಗ್ಗಲಿಲ್ಲ. ದಾಸ್ತಾನಿಗಿಂತಲೂ ಗ್ರಂಥಿಗೆ ಏನು, ಎಷ್ಟು ಮತ್ತು ಎಷ್ಟು ಕಾಲ ತಲುಪುತ್ತದೆ ಎಂಬುದು ಮುಖ್ಯವೆಂದು ಇಂದಿನ ವಿಜ್ಞಾನಿಗಳು ಪರಿಗಣಿಸುತ್ತಿದ್ದಾರೆ. ಈ ದಿಸೆಯಲ್ಲಿ ಮೂರು ಮಾರ್ಗಗಳು ಗಮನಾರ್ಹ.

ಕಣದ ಗಾತ್ರ: ಸುಮಾರು 20ರಿಂದ 200 ನ್ಯಾನೋಮೀಟರ್ ಗಾತ್ರದ ಕಣಗಳು ದುಗ್ಧರಸ ನಾಳವನ್ನು ಹೊಕ್ಕು ನೇರವಾಗಿ ಗ್ರಂಥಿಗೆ ಹರಿಯುತ್ತವೆ. ಅದಕ್ಕಿಂತ ಸಣ್ಣ ಅಣುಗಳು ಬಹುಪಾಲು ರಕ್ತನಾಳಕ್ಕೆ ಸೋರಿಹೋಗುತ್ತವೆ. ದೊಡ್ಡ ಕಣಗಳು ಚುಚ್ಚಿದ ಜಾಗದಲ್ಲಿಯೇ ಉಳಿದು, ಕಾವಲು ಕೋಶಗಳು ಹೊತ್ತೊಯ್ಯುವವರೆಗೆ ಕಾಯಬೇಕಾಗುತ್ತದೆ. ಸ್ಯಾಪೋನಿನ್ ಮತ್ತು ಕೊಬ್ಬಿನ ಅಂಶಗಳನ್ನು ಸೇರಿಸಿ ಈ ಗಾತ್ರಕ್ಕೆ ಸಿದ್ಧಪಡಿಸಿದ ನ್ಯಾನೋ ಕಣಗಳು ಅಂಕುರಣ ಕೇಂದ್ರಗಳನ್ನು ಬಲವಾಗಿ ಉತ್ತೇಜಿಸುವುದು ಪ್ರಾಣಿಪ್ರಯೋಗಗಳಲ್ಲಿ ಕಂಡುಬಂದಿದೆ.

ವಾಹಕ ಪ್ರೋಟೀನ್: ದುಗ್ಧರಸದಲ್ಲಿ ಆಲ್ಬುಮಿನ್ ಎಂಬ ಪ್ರೋಟೀನ್ ಹೇರಳವಾಗಿ ಹರಿಯುತ್ತದೆ. ಆಲ್ಬುಮಿನ್‌ಗೆ ಅಂಟಿಕೊಳ್ಳುವ ಕೊಬ್ಬಿನ ಬಾಲವನ್ನು ಅಡ್ಜುವೆಂಟ್‌ಗೆ ಜೋಡಿಸಿದರೆ ಅದು ಗ್ರಂಥಿಯವರೆಗೆ ಸವಾರಿ ಮಾಡುತ್ತದೆ ಎಂಬುದನ್ನು ಅಮೆರಿಕದ ಮ್ಯಾಸಚೂಸೆಟ್ಸ್ ತಂತ್ರಜ್ಞಾನ ಸಂಸ್ಥೆಯ ಸಂಶೋಧಕರು 2014ರಲ್ಲಿ ಇಲಿಗಳಲ್ಲಿ ತೋರಿಸಿದರು. ಇದರಿಂದ ಅಡ್ಜುವೆಂಟ್ ರಕ್ತದ ಮೂಲಕ ದೇಹವೆಲ್ಲ ಹರಡುವುದು ತಗ್ಗಿ ಅಡ್ಡಪರಿಣಾಮಗಳೂ ಕಡಿಮೆಯಾಗುತ್ತವೆ.

ಆಲಂನೊಂದಿಗೆ ಎಚ್ಚರಿಕೆಯ ಅಣು: ವೈರಸ್ ಬಂದಿದೆ ಎಂಬ ಸಂಕೇತವನ್ನು ನೀಡುವ ಸಣ್ಣ ಅಣುವನ್ನು ಆಲಂ ಕಣಕ್ಕೆ ಅಂಟಿಸಿ ಗ್ರಂಥಿಯಲ್ಲಿ ಕ್ರಿಯಾಶೀಲವಾಗುವಂತೆ ಮಾಡುವುದು ಮೂರನೆಯ ಮಾರ್ಗ. ಭಾರತದಲ್ಲಿ 2021ರಲ್ಲಿ ಜನರಿಗೆ ನೀಡಲಾರಂಭಿಸಿದ ಕೋವ್ಯಾಕ್ಸಿನ್ ಲಸಿಕೆಯಲ್ಲಿ ಇಂತಹ ಅಡ್ಜುವೆಂಟ್ ಇದೆ.

ಇವುಗಳನ್ನು ಜಾನುವಾರುಗಳಿಗೆ ತರುವಾಗ ಕೆಲವು ಇತಿಮಿತಿಗಳಿವೆ. ಕೋಟ್ಯಂತರ ಪ್ರಮಾಣಗಳು ಬೇಕಾಗುವುದರಿಂದ ಬೆಲೆ ಕಡಿಮೆ ಇರಬೇಕು. ಹಾಲು ಮತ್ತು ಮಾಂಸದಲ್ಲಿ ಹಾನಿಕರ ಶೇಷ ಉಳಿಯಬಾರದು. ಎಚ್ಚರಿಕೆಯ ಅಣುಗಳಿಗೆ ಪ್ರತಿಯೊಂದು ಪ್ರಾಣಿಜಾತಿಯೂ ಒಂದೇ ರೀತಿ ಸ್ಪಂದಿಸದ ಕಾರಣ, ಇಲಿಯಲ್ಲಿ ಫಲಿಸಿದ್ದು ಹಸುವಿನಲ್ಲಿ ಹಾಗೆಯೇ ಫಲಿಸುತ್ತದೆಂದು ಹೇಳಲಾಗದು. ಆದುದರಿಂದ ಸದ್ಯಕ್ಕೆ ಕೊಟ್ಟಿಗೆಗೆ ಬರುವ ಲಸಿಕೆಗಳಲ್ಲಿ ಎಣ್ಣೆ ಮತ್ತು ಆಲಂ ಪ್ರಧಾನ. ಅವುಗಳನ್ನೇ ಸರಿಯಾಗಿ ಬಳಸುವುದರಲ್ಲಿ ರೈತರ ಹಿತವಿದೆ.

ಅಡ್ಜುವೆಂಟ್ ಕೆಡದಂತೆ ವಹಿಸಬೇಕಾದ ಕ್ರಮಗಳು

1. ಲಸಿಕೆಯನ್ನು ಉತ್ಪಾದನೆಯಿಂದ ಬಳಕೆಯವರೆಗೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ ಇಡಬೇಕು. ಬಿಸಿ ತಗುಲಿದರೆ ಕಾಲುಬಾಯಿ ವೈರಸ್‌ನ ಕಣಗಳು ಒಡೆದು ತುಣುಕುಗಳಾಗುತ್ತವೆ. ಆ ತುಣುಕುಗಳು ರಕ್ಷಣೆ ನೀಡುವಷ್ಟು ಪ್ರತಿಕ್ರಿಯೆಯನ್ನು ಉಂಟುಮಾಡುವುದಿಲ್ಲ.

2. ಎಣ್ಣೆ ಅಥವಾ ಆಲಂ ಇರುವ ಲಸಿಕೆಯನ್ನು ಫ್ರೀಜರ್‌ನಲ್ಲಿ ಇಡಬಾರದು, ಮಂಜುಗಡ್ಡೆಗೆ ನೇರವಾಗಿ ತಾಗಿಸಲೂಬಾರದು. ಹೆಪ್ಪುಗಟ್ಟಿದರೆ ಎಮಲ್ಷನ್ ಒಡೆಯುತ್ತದೆ, ಜೆಲ್ ಕಣಗಳು ಮುದ್ದೆಯಾಗುತ್ತವೆ. ಕರಗಿದ ನಂತರ ನೋಡಲು ದ್ರವವಾಗಿದ್ದರೂ ಅದರ ಶಕ್ತಿ ಮರಳುವುದಿಲ್ಲ.

3. ಬಳಸುವ ಮುನ್ನ ಬಾಟಲಿಯನ್ನು ನಿಧಾನವಾಗಿ ಮೇಲೆ ಕೆಳಗೆ ತಿರುಗಿಸಿ ಏಕರೂಪವಾಗಿಸಬೇಕು. ಅಲುಗಾಡಿಸಿದರೂ ಬೆರೆಯದೆ ಎಣ್ಣೆ ಮತ್ತು ನೀರು ಬೇರೆಬೇರೆಯಾಗಿ ನಿಂತರೆ, ಅಥವಾ ಗಟ್ಟಿ ಹರಳುಗಳು ಕಂಡರೆ ಅಂತಹ ಲಸಿಕೆಯನ್ನು ಬಳಸಬಾರದು.

4. ಲೇಬಲ್ಲಿನಲ್ಲಿ ಸೂಚಿಸಿದ ಪೂರ್ಣ ಪ್ರಮಾಣವನ್ನೇ ನೀಡಬೇಕು. ಪ್ರಾಣಿ ಚಿಕ್ಕದೆಂದು ಅರ್ಧ ಪ್ರಮಾಣ ನೀಡುವುದು, ಲಸಿಕೆಯನ್ನು ನೀರಿನಲ್ಲಿ ತೆಳುಗೊಳಿಸುವುದು ಸರ್ವಥಾ ಸಲ್ಲದು. ಲಸಿಕೆಯ ಪ್ರಮಾಣ ಔಷಧದಂತೆ ದೇಹತೂಕಕ್ಕೆ ತಕ್ಕಂತೆ ಇಳಿಯುವುದಿಲ್ಲ.

5. ಸ್ನಾಯುವಿಗೆ ನೀಡುವ ಲಸಿಕೆಯನ್ನು ಕುತ್ತಿಗೆಯ ಸ್ನಾಯುವಿಗೆ ಆಳವಾಗಿಯೂ, ಚರ್ಮದಡಿ ನೀಡುವುದನ್ನು ಚರ್ಮದಡಿಯೇ ನೀಡಬೇಕು. ಪ್ರತಿ ರಾಸುವಿಗೂ ಪ್ರತ್ಯೇಕ, ಸ್ವಚ್ಛ ಸೂಜಿ ಬಳಸಬೇಕು.

6. ಲಸಿಕೆಗೆ ಎರಡು-ಮೂರು ವಾರ ಮೊದಲು ಜಂತುನಾಶಕ ನೀಡುವುದು ಒಳ್ಳೆಯದು. ಜ್ವರ, ಸರ್ರಾ ಅಥವಾ ಥೈಲೇರಿಯಾ ಬಾಧೆ, ತೀವ್ರ ಅಪೌಷ್ಟಿಕತೆ ಇರುವ ರಾಸುಗಳಲ್ಲಿ ಪ್ರತಿಕ್ರಿಯೆ ದುರ್ಬಲವಾಗಿರುತ್ತದೆ. ಅವುಗಳನ್ನು ಗುಣಪಡಿಸಿದ ನಂತರ ಲಸಿಕೆ ಹಾಕಿಸಬೇಕು. ಗಬ್ಬದ ರಾಸುಗಳ ವಿಷಯದಲ್ಲಿ ಪಶುವೈದ್ಯರ ಸಲಹೆ ಪಡೆದು, ಬಿಗಿದು ಕೆಡವದೆ ಶಾಂತವಾಗಿ ನಿರ್ವಹಿಸಬೇಕು.

ಗಂಟು, ಜ್ವರ ಮತ್ತು ಹಾಲಿನ ಇಳಿಕೆ

ಲಸಿಕೆಯ ನಂತರ ಒಂದೆರಡು ದಿನ ಸೌಮ್ಯ ಜ್ವರ, ಮಂಕುತನ ಮತ್ತು ಹಾಲಿನಲ್ಲಿ ಇಳಿಕೆ ಕಾಣಬಹುದು. ಇದು ರೋಗನಿರೋಧಕ ವ್ಯವಸ್ಥೆ ಎಚ್ಚೆತ್ತುದರ ಸೂಚನೆ. ಎಣ್ಣೆಯುಕ್ತ ಲಸಿಕೆಯ ಜಾಗದಲ್ಲಿ ಮೂಡುವ ಸಣ್ಣ, ಗಟ್ಟಿಯಾದ, ನೋವಿಲ್ಲದ ಗಂಟು ಕೆಲವು ವಾರಗಳಲ್ಲಿ ತಾನಾಗಿ ಕರಗುತ್ತದೆ. ಅದನ್ನು ಹಿಸುಕಬಾರದು, ಕಾಯಿಸಿದ ಕಬ್ಬಿಣದಿಂದ ಬರೆ ಹಾಕಬಾರದು. ಗಂಟು ಬಾರದ ರಾಸುವಿಗೆ ಲಸಿಕೆ ಫಲಿಸಿಲ್ಲ ಎಂದೂ ತಿಳಿಯಬಾರದು. ಆದರೆ ಗಂಟು ದಿನೇದಿನೇ ದೊಡ್ಡದಾಗಿ ಬಿಸಿಯಾಗಿದ್ದು, ಮೃದುವಾಗಿ ಕೀವು ತುಂಬಿದಂತೆ ಕಂಡರೆ ಅದು ಅಶುದ್ಧ ಸೂಜಿಯಿಂದಾದ ಸೋಂಕು ಆಗಿರಬಹುದು. ಆಗ ಪಶುವೈದ್ಯರಿಗೆ ತೋರಿಸಬೇಕು.

ಬಹು ಅಪರೂಪವಾಗಿ ಲಸಿಕೆ ನೀಡಿದ ಕೆಲವೇ ನಿಮಿಷಗಳಲ್ಲಿ ನಡುಕ, ಏದುಸಿರು, ಬಾಯಲ್ಲಿ ನೊರೆ, ಕುಸಿದು ಬೀಳುವಿಕೆ ಕಾಣಿಸಬಹುದು. ಇದು ತೀವ್ರ ಅಲರ್ಜಿ. ಕೂಡಲೇ ಚಿಕಿತ್ಸೆ ದೊರೆತರೆ ಪ್ರಾಣ ಉಳಿಯುತ್ತದೆ. ಆದುದರಿಂದ ಲಸಿಕೆ ಹಾಕಿದ ನಂತರ ಕನಿಷ್ಠ ಅರ್ಧ ಗಂಟೆ ರಾಸುಗಳ ಮೇಲೆ ನಿಗಾ ಇಡಬೇಕು, ಲಸಿಕಾ ತಂಡದ ಬಳಿ ತುರ್ತು ಔಷಧ ಇರಬೇಕು.

ಲಸಿಕೆ ಹಾಕುವವರಿಗೆ ಎಚ್ಚರಿಕೆ

ಎಣ್ಣೆಯುಕ್ತ ಲಸಿಕೆ ಆಕಸ್ಮಿಕವಾಗಿ ಮನುಷ್ಯರ ಬೆರಳಿಗೆ ಅಥವಾ ಕೈಗೆ ಚುಚ್ಚಿಕೊಂಡರೆ ಅದನ್ನು ಲಘುವಾಗಿ ಪರಿಗಣಿಸಬಾರದು. ಖನಿಜ ತೈಲದ ಅಲ್ಪ ಪ್ರಮಾಣವೂ ತೀವ್ರ ಊತವನ್ನು ಉಂಟುಮಾಡಿ, ರಕ್ತಸಂಚಾರ ನಿಂತು ಬೆರಳನ್ನೇ ಕಳೆದುಕೊಳ್ಳುವ ಸಂಭವವಿದೆ. ಆರಂಭದಲ್ಲಿ ನೋವು ಕಡಿಮೆ ಇದ್ದರೂ ತಡಮಾಡದೆ ಆಸ್ಪತ್ರೆಗೆ ಹೋಗಬೇಕು. ಚುಚ್ಚಿಕೊಂಡದ್ದು ಎಣ್ಣೆಯುಕ್ತ ಪಶು ಲಸಿಕೆ ಎಂಬುದನ್ನು ವೈದ್ಯರಿಗೆ ತಿಳಿಸಿ, ಲಸಿಕೆಯ ಮಾಹಿತಿಪತ್ರವನ್ನು ತೋರಿಸಬೇಕು. ರಾಸುವನ್ನು ಸರಿಯಾಗಿ ಕಟ್ಟಿ, ಹಿಡಿಯುವವರ ಕೈ ಸೂಜಿಯ ನೇರಕ್ಕೆ ಬಾರದಂತೆ ನೋಡಿಕೊಂಡರೆ ಇಂತಹ ಅಪಘಾತಗಳನ್ನು ತಪ್ಪಿಸಬಹುದು.

ಸಾರಾಂಶ

ಲಸಿಕೆಯಲ್ಲಿರುವ ರೋಗಾಣುವಿನ ಅಂಶ ಎಷ್ಟು ಮುಖ್ಯವೋ ಅದನ್ನು ದುಗ್ಧರಸ ಗ್ರಂಥಿಗೆ ತಲುಪಿಸಿ ಅಲ್ಲಿನ ಕೋಶಗಳನ್ನು ಎಚ್ಚರಿಸುವ ಅಡ್ಜುವೆಂಟ್ ಅಷ್ಟೇ ಮುಖ್ಯ. ತಣ್ಣಗೆ, ಆದರೆ ಹೆಪ್ಪುಗಟ್ಟದಂತೆ ಸಂಗ್ರಹಣೆ, ಪೂರ್ಣ ಪ್ರಮಾಣ, ಸರಿಯಾದ ಜಾಗ ಮತ್ತು ಸಕಾಲದ ವರ್ಧಕ ಪ್ರಮಾಣ ಎಂಬ ನಾಲ್ಕು ನಿಯಮಗಳನ್ನು ಪಾಲಿಸಿದರೆ ಲಸಿಕೆಯ ಪೂರ್ಣ ಫಲ ದೊರೆಯುತ್ತದೆ. ಚಿಕ್ಕ ಗಂಟು ಮತ್ತು ಎರಡು ದಿನದ ಹಾಲಿನ ಇಳಿಕೆಗೆ ಅಂಜಿ ಲಸಿಕೆಯ ಸುತ್ತನ್ನು ತಪ್ಪಿಸಬಾರದು. ಹೆಚ್ಚಿನ ಮಾಹಿತಿಗೆ ಸಮೀಪದ ಪಶುವೈದ್ಯ ಸಂಸ್ಥೆಯನ್ನು ಸಂಪರ್ಕಿಸಬಹುದು. ತುರ್ತು ಸಂದರ್ಭದಲ್ಲಿ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಬಹುದು.